ನಾದದ ಪುಟ್ಟ ಉಗ್ರಾಣ

ಕಳೆದ ಬೇಸಿಗೆಯ ಒಂದು ಸಂಜೆ ನೌಬಾದದ ನಮ್ಮ ಮನೆಗೆ ಪರಿಚಯದ ಸಂಗೀತಗಾರರೊಬ್ಬರು ಬಂದರು. ಮದುವೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಹಾಡುವ ವಾದ್ಯಗೋಷ್ಠಿಯೊಂದರಲ್ಲಿ ಕೀಬೋರ್ಡು ನುಡಿಸುವುದು ಅವರ ಕಸುಬು. ಅವರ ಕಂಕುಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಲೋಹದ ಪೆಟ್ಟಿಗೆಯೊಂದಿತ್ತು. ಕೈಯಲ್ಲಿ ಅಂಗೈಯಗಲದ ಎರಡು ಕರಿಯ ಫ್ಲಾಪಿ ತಟ್ಟೆಗಳಿದ್ದವು.

“ಸರ್, ನಮ್ಮ ಮುತ್ಯಾನ ಏಕತಾರಿ ಇದರಾಗ ಅದ. ಪೆಟ್ಟಿಗಿ ಈಗ ಓದವಲ್ದು. ಹೊರಗ ತೆಗೀಲಿಕ್ಕ ಬರ್ತದೇನ್ರಿ?” ಎಂದು ಕೇಳಿದರು.

ಅವರ ಅಜ್ಜ ತತ್ವಪದಗಳನ್ನು ಹಾಡುತ್ತಿದ್ದವರು. ೨೦೦೧ರ ಸುಮಾರಿಗೆ ಮೊಮ್ಮಗ ಹೈದರಾಬಾದಿನಿಂದ ಬಳಸಿದ ಸ್ಯಾಂಪ್ಲರ್ ಯಂತ್ರವೊಂದನ್ನು ಕೊಂಡುತಂದು, ಅಜ್ಜನನ್ನು ಎದುರಿಗೆ ಕೂರಿಸಿಕೊಂಡು, ಏಕತಾರಿಯ ಮೀಟನ್ನೂ ದಮ್ಮಡಿ, ತಾಳಗಳ ಪೆಟ್ಟುಗಳನ್ನೂ ಅದರಲ್ಲಿ ತುಂಬಿಕೊಂಡಿದ್ದರು. ಅಜ್ಜ ತೀರಿಕೊಂಡು ಬಹಳ ವರ್ಷಗಳಾಗಿವೆ. ಏಕತಾರಿಯ ಬುರುಡೆ ಒಡೆದುಹೋಗಿದೆ. ಆ ನಾದದ ಪೈಕಿ ಉಳಿದಿರುವುದು ಈ ಎರಡು ತಟ್ಟೆಗಳು ಮಾತ್ರ.

ಅದನ್ನು ಹೊರತೆಗೆಯಲು ನಾವು ಮೂರು ವಾರ ಶ್ರಮಪಟ್ಟೆವು. ಆ ಶ್ರಮದ ಕಥೆಯನ್ನು ಹೇಳುವುದಕ್ಕೆ ಮೊದಲು, ನಾದವು ಪೆಟ್ಟಿಗೆಯೊಳಗೆ ಯಾವ ರೂಪದಲ್ಲಿ ಇರುತ್ತದೆ, ಅಲ್ಲಿ ಅದಕ್ಕೆ ಎಷ್ಟು ಸ್ಥಳ ಬೇಕು, ಸ್ಥಳ ಸಾಲದಿದ್ದಾಗ ಏನನ್ನು ಉಳಿಸಿಕೊಂಡು ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ವಾಚಕರು ತಿಳಿದುಕೊಳ್ಳುವುದು ಒಳ್ಳೆಯದು.

ಬಾವಿಗಳಿಂದ ಸುರಂಗವನ್ನು ಕಾಣುವುದು

ನಮ್ಮ ನೌಬಾದದಲ್ಲಿ ಬಹಮನೀ ಅರಸರ ಕಾಲದ ಕರೇಜ್ ಇದೆ. ಹದಿನೈದನೆಯ ಶತಮಾನದಲ್ಲಿ, ನೆಲದಡಿಯ ನೀರನ್ನು ಬೀದರದ ಕಡೆಗೆ ಒಯ್ಯಲು ಜಂಬಿಟ್ಟಿಗೆಯ ಕಲ್ಲಿನಲ್ಲಿ ತೋಡಿದ ಸುಮಾರು ಮೂರು ಕಿಲೋಮೀಟರು ಉದ್ದದ ಸುರಂಗವಿದು. ಮೇಲಿನಿಂದ ನೋಡುವವನಿಗೆ ಸುರಂಗ ಕಾಣುವುದಿಲ್ಲ. ಕಾಣುವುದು ಗಾಳಿಬೆಳಕಿಗೆಂದು ಅಲ್ಲಲ್ಲಿ ತೋಡಿದ ಬಾವಿಗಳು ಮಾತ್ರ. ಒಂದೊಂದು ಬಾವಿಯ ಆಳವನ್ನೂ ಹಗ್ಗದಿಂದ ಅಳೆದು, ಆ ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿ ಚುಕ್ಕಿಗಳನ್ನು ಕೂಡಿಸಿದರೆ ಸುರಂಗದ ಇಳಿಜಾರಿನ ಚಿತ್ರ ದೊರೆಯುತ್ತದೆ.

ಸ್ಯಾಂಪ್ಲರ್ ಯಂತ್ರ ಮಾಡುವ ಕೆಲಸವೂ ಇದೇ. ತಂತಿ ಕಂಪಿಸಿದಾಗ ಗಾಳಿಯ ಒತ್ತಡ ಏರಿಳಿಯುತ್ತದೆ. ಮೈಕ್ರೋಫೋನು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಯಂತ್ರವು ಆ ವಿದ್ಯುತ್ತಿನ ಪ್ರಮಾಣವನ್ನು ಸಮಾನ ಕಾಲಾಂತರಗಳಲ್ಲಿ ಅಳೆದು, ಒಂದೊಂದು ಅಳತೆಯನ್ನೂ ಒಂದು ಅಂಕಿಯಾಗಿ ಸ್ಮೃತಿಕೋಶದಲ್ಲಿ ಬರೆದಿಡುತ್ತದೆ. ಗುಂಡಿಯನ್ನು ಒತ್ತಿದಾಗ ಆ ಅಂಕಿಗಳನ್ನು ಅದೇ ವೇಗದಲ್ಲಿ ಓದಿ ಮರಳಿ ವಿದ್ಯುತ್ತಾಗಿಸಿ ಧ್ವನಿವರ್ಧಕಕ್ಕೆ ಕಳಿಸುತ್ತದೆ. ಆದಕಾರಣ ಪೆಟ್ಟಿಗೆಯೊಳಗಿರುವುದು ಅಂಕಿಗಳ ಒಂದು ಉದ್ದನೆಯ ಪಟ್ಟಿ, ಅಷ್ಟೆ.

ಅಳತೆಗಳು ಎಷ್ಟು ಹತ್ತಿರ ಹತ್ತಿರವಿರಬೇಕು? ಎರಡು ಬಾವಿಗಳ ನಡುವೆ ಸುರಂಗವು ಒಮ್ಮೆ ಮೇಲೆದ್ದು ಕೆಳಗಿಳಿದರೆ ಬಾವಿಗಳ ಆಳದಿಂದ ಅದು ನಮಗೆ ತಿಳಿಯುವುದಿಲ್ಲ. ನೇರವಾದ ಸುರಂಗವೆಂದೇ ಭ್ರಮಿಸುತ್ತೇವೆ. ನಾದದ ವಿಷಯದಲ್ಲಿಯೂ ಹೀಗೆಯೇ. ಒಂದು ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಕಂಪನ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಈ ಮಾತಿಗೆ ೧೯೨೮ರಲ್ಲಿ ಹ್ಯಾರಿ ನೈಕ್ವಿಸ್ಟ್ ತಳಹದಿ ಹಾಕಿದರು. ೧೯೪೯ರಲ್ಲಿ ಕ್ಲಾಡ್ ಶಾನನ್ ಅದನ್ನು ಗಣಿತರೂಪದಲ್ಲಿ ಸ್ಥಾಪಿಸಿ ಪ್ರಕಟಿಸಿದರು. ಇದನ್ನು ಮೀರಿದ ಕಂಪನಗಳು ಸುಮ್ಮನೆ ಮಾಯವಾಗುವುದಿಲ್ಲ; ಇಲ್ಲದ ಬೇರೊಂದು ಸ್ವರದ ವೇಷ ತೊಟ್ಟು ಬರುತ್ತವೆ. ಚಲಚ್ಚಿತ್ರದಲ್ಲಿ ಮುಂದೋಡುವ ಬಂಡಿಯ ಚಕ್ರ ಕೆಲವೊಮ್ಮೆ ಹಿಂದಕ್ಕೆ ತಿರುಗುವಂತೆ ಕಾಣುತ್ತದಲ್ಲವೆ? ಇದು ಅದೇ ಜಾತಿಯ ಭ್ರಮೆ. ಅದಕ್ಕಾಗಿಯೇ ಯಂತ್ರದ ಬಾಗಿಲಲ್ಲಿ ಒಂದು ಶೋಧಕವನ್ನಿಟ್ಟು, ಮಿತಿಯನ್ನು ಮೀರಿದ ಕಂಪನಗಳನ್ನು ಮೊದಲೇ ತಡೆಯುತ್ತಾರೆ. ಮನುಷ್ಯನ ಕಿವಿ ಸೆಕೆಂಡಿಗೆ ೨೦,೦೦೦ ಕಂಪನಗಳವರೆಗೆ ಕೇಳಬಲ್ಲದಾದ್ದರಿಂದ, ಸೆಕೆಂಡಿಗೆ ೪೪,೧೦೦ ಅಳತೆಗಳೆಂಬ ಪದ್ಧತಿ ಬಳಕೆಗೆ ಬಂದಿತು.

ಇನ್ನು ಒಂದೊಂದು ಅಳತೆಯ ಸೂಕ್ಷ್ಮತೆ. ಜೋಳವನ್ನು ಸೇರಿನಿಂದ ಮಾತ್ರ ಅಳೆದರೆ ಮೂರೂಕಾಲು ಸೇರನ್ನು ಮೂರೆಂದೇ ಬರೆಯಬೇಕಾಗುತ್ತದೆ. ಕಾಲು ಸೇರು ಲೆಕ್ಕದಿಂದ ತಪ್ಪಿಹೋಗುತ್ತದೆ. ಅಳತೆಯ ಅಂಕಿಗೆ ೮ ಬಿಟ್ಟುಗಳ ಸ್ಥಳ ಕೊಟ್ಟರೆ ೨೫೬ ಮೆಟ್ಟಿಲುಗಳು ದೊರೆಯುತ್ತವೆ; ೧೨ ಬಿಟ್ಟುಗಳಿಗೆ ೪,೦೯೬; ೧೬ ಬಿಟ್ಟುಗಳಿಗೆ ೬೫,೫೩೬. ಮೆಟ್ಟಿಲು ದೊಡ್ಡದಾದಷ್ಟೂ ತಪ್ಪಿಹೋದ ‘ಕಾಲು ಸೇರು’ಗಳೆಲ್ಲ ಒಟ್ಟುಗೂಡಿ ನಾದದ ಹಿಂದೆ ಒಂದು ಮರಳಿನ ಸದ್ದಾಗಿ ಕೇಳಿಸುತ್ತವೆ. ಗಟ್ಟಿಯಾದ ಪೆಟ್ಟಿನಲ್ಲಿ ಅದು ಮುಚ್ಚಿಹೋಗುತ್ತದೆ. ತಂತಿಯ ನಾದ ಕ್ಷೀಣಿಸುತ್ತ ಬಂದಾಗ ಎದ್ದು ಕೇಳಿಸುತ್ತದೆ.

ಉಗ್ರಾಣದ ಅಳತೆ

ಈಗ ಲೆಕ್ಕ ಹಾಕೋಣ. ಸೆಕೆಂಡಿಗೆ ೪೪,೧೦೦ ಅಂಕಿಗಳು, ಅಂಕಿಯೊಂದಕ್ಕೆ ೧೬ ಬಿಟ್ಟು, ಎಂದರೆ ೨ ಬೈಟು. ಒಂದು ಸೆಕೆಂಡಿನ ನಾದಕ್ಕೆ ೮೮,೨೦೦ ಬೈಟುಗಳ ಸ್ಥಳ ಬೇಕು. ನಮ್ಮ ಮಿತ್ರರ ಪೆಟ್ಟಿಗೆಯ ಸ್ಮೃತಿಕೋಶ ೨ ಮೆಗಾಬೈಟು, ಅಂದರೆ ೨೦,೯೭,೧೫೨ ಬೈಟು. ಭಾಗಿಸಿ ನೋಡಿದರೆ ೨೪ ಸೆಕೆಂಡಿಗೂ ತುಸು ಕಡಿಮೆ. ಏಕತಾರಿ, ದಮ್ಮಡಿ, ತಾಳ, ಎಲ್ಲವೂ ಈ ೨೪ ಸೆಕೆಂಡುಗಳಲ್ಲಿ ಅಡಗಬೇಕಾಗಿತ್ತು.

ಇದು ಕಡಿಮೆಯೆಂದು ಮೂಗು ಮುರಿಯಬೇಕಾಗಿಲ್ಲ. ೧೯೭೯ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬವರು ರೂಪಿಸಿದ ಫೇರ್‌ಲೈಟ್ ಯಂತ್ರದಲ್ಲಿ ಒಂದೊಂದು ಧ್ವನಿಗೆ ದೊರೆಯುತ್ತಿದ್ದುದು ೧೬ ಕಿಲೋಬೈಟು ಮಾತ್ರ. ಅಂಕಿಗಳು ೮ ಬಿಟ್ಟಿನವು. ೧೯೮೬ರ ಅಕಾಯ್ ಎಸ್ ೯೦೦ ಯಂತ್ರದಲ್ಲಿ, ಅತ್ಯುತ್ತಮ ಗುಣಮಟ್ಟದಲ್ಲಿ ತುಂಬಿದರೆ, ಸುಮಾರು ೧೨ ಸೆಕೆಂಡುಗಳಿಗೆ ಸ್ಥಳವಿತ್ತು. ಅದೇ ವರ್ಷ ಬಂದ ಕ್ಯಾಸಿಯೋ ಎಸ್‌ಕೆ ೧ ಎಂಬ ಮಕ್ಕಳ ಕೀಬೋರ್ಡು ೧.೪ ಸೆಕೆಂಡುಗಳಷ್ಟನ್ನು ಮಾತ್ರ ನೆನಪಿಡುತ್ತಿತ್ತು. ೧೯೮೭ರ ಇ-ಮ್ಯು ಎಸ್‌ಪಿ ೧೨೦೦ ಯಂತ್ರದಲ್ಲಿ ಒಟ್ಟು ೧೦ ಸೆಕೆಂಡು. ಅದರಲ್ಲಿಯೂ ಒಂದು ಧ್ವನಿ ಎರಡೂವರೆ ಸೆಕೆಂಡನ್ನು ಮೀರುವಂತಿರಲಿಲ್ಲ. ಆ ಕಾಲದಲ್ಲಿ ಸ್ಮೃತಿಯ ಚಿಪ್ಪುಗಳಿಗೆ ಬಹಳ ಬೆಲೆಯಿತ್ತು. ಇಂದು ಹೆಬ್ಬೆರಳಿನ ಉಗುರಿನಷ್ಟಿರುವ ೬೪ ಗಿಗಾಬೈಟಿನ ಕಾರ್ಡಿನಲ್ಲಿ ಇದೇ ಗುಣಮಟ್ಟದ ನಾದವನ್ನು ಎಂಟು ದಿನಗಳ ಕಾಲ ಎಡೆಬಿಡದೆ ತುಂಬಬಹುದು.

ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಇಡೀ ಹಾಡಿಗೆ ಬೇಕಾದ ವಾದ್ಯಗಳನ್ನು ಅಡಗಿಸಿದ್ದು ಹೇಗೆ? ಇದಕ್ಕೆ ನಾಲ್ಕು ಉಪಾಯಗಳಿದ್ದವು. ನಾಲ್ಕರಲ್ಲಿಯೂ ಏನೋ ಒಂದು ಲಾಭ, ಏನೋ ಒಂದು ನಷ್ಟ.

ಮೊದಲನೆಯ ಉಪಾಯ: ಅಳತೆಗಳನ್ನು ವಿರಳಗೊಳಿಸುವುದು

ಸೆಕೆಂಡಿಗೆ ೪೪,೧೦೦ರ ಬದಲು ೨೨,೦೫೦ ಅಳತೆಗಳನ್ನು ತೆಗೆದುಕೊಂಡರೆ ಅದೇ ಸ್ಥಳದಲ್ಲಿ ಎರಡರಷ್ಟು ಕಾಲದ ನಾದ ಹಿಡಿಯುತ್ತದೆ. ಆದರೆ ೧೧,೦೨೫ಕ್ಕಿಂತ ಹೆಚ್ಚಿನ ಕಂಪನಗಳೆಲ್ಲ ಹೋಗುತ್ತವೆ. ಇದರಿಂದ ಯಾವ ವಾದ್ಯಕ್ಕೆ ಎಷ್ಟು ಹಾನಿ ಎಂಬುದನ್ನು ತೂಗಿ ನೋಡಬೇಕು.

ಮೀಟಿದ ತಂತಿ ಒಂದೇ ಸ್ವರವನ್ನು ಹೊರಡಿಸುವುದಿಲ್ಲ. ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನ ಸಂಖ್ಯೆಯ ಉಪಸ್ವರಗಳು ಅದರೊಡನೆ ಬೆರೆತಿರುತ್ತವೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ಚಲಿಸದೆ ನಿಲ್ಲುವ ಉಪಸ್ವರಗಳು ಹುಟ್ಟಲಾರವು ಎಂಬುದು ಹಳೆಯ ನಿಯಮ. ಆದರೆ ನಮ್ಮ ತಂಬೂರಿ, ವೀಣೆಗಳು ಈ ನಿಯಮಕ್ಕೆ ಅಧೀನವಲ್ಲವೆಂಬುದನ್ನು ಸಿ. ವಿ. ರಾಮನ್ ಅವರು ೧೯೨೧ರಲ್ಲಿ ತೋರಿಸಿಕೊಟ್ಟರು. ಅಗಲವಾಗಿ ಬಾಗಿದ ಕುದುರೆಯನ್ನೂ ತಂಬೂರಿಯ ತಂತಿಯಡಿ ಇಡುವ ನೂಲಿನ ಎಳೆಯನ್ನೂ ತಂತಿಯು ಪ್ರತಿಯೊಂದು ಕಂಪನದಲ್ಲಿಯೂ ತಾಕಿ ಬಿಡುವುದರಿಂದ, ಹುಟ್ಟಬಾರದ ಉಪಸ್ವರಗಳೂ ಅಲ್ಲಿ ಬಲವಾಗಿ ಹುಟ್ಟುತ್ತವೆ. ಸಂಗೀತಗಾರರು ‘ಜೀವಾಳ’ ಎನ್ನುವ ಝೇಂಕಾರದ ಗುಟ್ಟು ಇದು. ನಮ್ಮ ಮಿತ್ರರ ಅಜ್ಜನ ಏಕತಾರಿಯಲ್ಲಿಯೂ ತಂತಿಯ ಕೆಳಗೆ ಅಂಥ ನೂಲೊಂದಿತ್ತಂತೆ.

ಅಜ್ಜನ ತಂತಿ ಸೆಕೆಂಡಿಗೆ ಸುಮಾರು ೧೪೭ ಸಲ ಕಂಪಿಸುತ್ತಿತ್ತು. ೨೨,೦೫೦ ಅಳತೆಗಳಲ್ಲಿ ಇದರ ಎಪ್ಪತ್ತೈದನೆಯ ಸಂಗತಸ್ವರದವರೆಗೂ ಸ್ಥಳವಿದೆ. ಜೀವಾಳದ ಬಹುಪಾಲು ಉಳಿಯುತ್ತದೆ. ಮೇಲೆ ಹೇಳಿದ ಮಕ್ಕಳ ಕೀಬೋರ್ಡು ಸೆಕೆಂಡಿಗೆ ಸುಮಾರು ೯,೩೮೦ ಸಲ ಮಾತ್ರ ಅಳೆಯುತ್ತದೆ. ಅದರಲ್ಲಿ ಮೂವತ್ತೊಂದನೆಯ ಸಂಗತಸ್ವರಕ್ಕೇ ಬಾಗಿಲು ಮುಚ್ಚುತ್ತದೆ. ನಾದಕ್ಕೆ ಕಂಬಳಿ ಹೊದಿಸಿದಂತಾಗುತ್ತದೆ. ಕಂಚಿನ ತಾಳದ ಮಾತು ಬೇರೆ. ಅದರ ಕಿಣಿಕಿಣಿಯ ಬಹುಭಾಗ ಎತ್ತರದ ಕಂಪನಗಳಲ್ಲಿಯೇ ಇರುವುದರಿಂದ ಅದಕ್ಕೆ ಪೂರ್ಣ ೪೪,೧೦೦ ಅಳತೆಗಳೇ ಬೇಕು. ನಮ್ಮ ಮಿತ್ರರು ದಮ್ಮಡಿಗೆ ೨೨,೦೫೦ನ್ನೂ, ತಾಳಕ್ಕೂ ಏಕತಾರಿಗೂ ೪೪,೧೦೦ನ್ನೂ ಇಟ್ಟಿದ್ದರು. ಭೌತವಿಜ್ಞಾನ ಓದದೆ, ಕಿವಿಯನ್ನೇ ನಂಬಿ ಮಾಡಿದ ಹಂಚಿಕೆ ಇದು, ಬಹುಮಟ್ಟಿಗೆ ಸರಿಯಾದದ್ದೇ.

ಎರಡನೆಯ ಉಪಾಯ: ಬಾಲವನ್ನು ಕತ್ತರಿಸಿ ಸುತ್ತು ಹಾಕುವುದು

ವಾದ್ಯವನ್ನು ನಾವು ಗುರುತಿಸುವುದು ಬಹುಮಟ್ಟಿಗೆ ಅದರ ನಾದದ ಆರಂಭದಿಂದ. ಬೆರಳು ತಂತಿಯನ್ನು ಬಿಟ್ಟ ಕ್ಷಣ, ಬಿಲ್ಲು ತಾಗಿದ ಕ್ಷಣ, ಬಾಯಿಯ ಗಾಳಿ ಕೊಳಲಿಗೆ ಹೊಕ್ಕ ಕ್ಷಣ, ಇವುಗಳ ಸದ್ದು ಒಂದರಂತೆ ಇನ್ನೊಂದಿಲ್ಲ. ಧ್ವನಿಮುದ್ರಿಕೆಯಿಂದ ಈ ಆರಂಭವನ್ನು ಕತ್ತರಿಸಿ ತೆಗೆದರೆ, ಎಷ್ಟೋ ಸಲ ಪಳಗಿದ ಕಿವಿಯೂ ವಾದ್ಯವನ್ನು ಗುರುತಿಸುವಲ್ಲಿ ಎಡವುತ್ತದೆ. ಆ ಮೇಲಿನ ನಾದ ಬಹುಕಾಲ ಹೆಚ್ಚುಕಡಿಮೆ ಒಂದೇ ರೀತಿ ಸಾಗುತ್ತದೆ. ಹೀಗಿರುವಾಗ ಎಲ್ಲವನ್ನೂ ಏಕೆ ಸಂಗ್ರಹಿಸಬೇಕು? ಆರಂಭವನ್ನು ಪೂರ್ಣವಾಗಿ ಇಟ್ಟುಕೊಂಡು, ನಂತರದ ಒಂದು ಚಿಕ್ಕ ಭಾಗವನ್ನು ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಓದಿಸಿದರೆ ಸಾಕು. ಎರಡು ಸೆಕೆಂಡುಗಳ ಸಂಗ್ರಹದಿಂದ ಬೇಕಾದಷ್ಟು ಹೊತ್ತಿನ ನಾದ ಹೊರಡುತ್ತದೆ. ಇದನ್ನು ಸಂಗೀತಗಾರರು ‘ಲೂಪ್’ ಎನ್ನುತ್ತಾರೆ.

ಸುತ್ತಿನ ಎರಡು ತುದಿಗಳನ್ನು ಕೂಡಿಸುವುದು ಮಾತ್ರ ನಾಜೂಕಿನ ಕೆಲಸ. ಸೆಕೆಂಡಿಗೆ ೪೪,೧೦೦ ಅಳತೆಗಳಲ್ಲಿ ೧೪೭ ಕಂಪನಗಳ ತಂತಿಯ ಒಂದು ಕಂಪನಕ್ಕೆ ಸರಿಯಾಗಿ ೩೦೦ ಅಂಕಿಗಳು ಬರುತ್ತವೆ. ಸುತ್ತಿನ ಉದ್ದ ೩೦೦ರ ಪೂರ್ಣ ಗುಣಕವಾಗಿರಬೇಕು. ತಪ್ಪಿದರೆ ಒಂದು ತುದಿಯ ಅಂಕಿಯಿಂದ ಇನ್ನೊಂದು ತುದಿಯ ಅಂಕಿಗೆ ಹಠಾತ್ತಾಗಿ ಜಿಗಿತವುಂಟಾಗಿ ಪ್ರತಿಯೊಂದು ಸುತ್ತಿನಲ್ಲಿಯೂ ‘ಟಕ್’ ಎಂದು ಕೇಳಿಸುತ್ತದೆ. ಒಂದೇ ಕಂಪನದ ಸುತ್ತು ಹಾಕುವವನು ೩೦೦ರ ಬದಲು ೩೧೦ ಅಂಕಿಗಳನ್ನು ಆರಿಸಿಕೊಂಡನೆನ್ನಿ. ಸ್ವರವು ೧೪೭ರಿಂದ ಸುಮಾರು ೧೪೨ಕ್ಕೆ ಇಳಿಯುತ್ತದೆ. ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಪಟ್ಟಿಗಳ ನಡುವಣ ಅಂತರದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಯಾವ ಹಾಡುಗಾರನೂ ಇದನ್ನು ಸಹಿಸಲಾರ.

ಹಾಗಾದರೆ ೬೦೦ ಬೈಟುಗಳ ಒಂದೇ ಕಂಪನದ ಸುತ್ತು ಸಾಕಲ್ಲವೆ ಎಂದು ಕೇಳಬಹುದು. ಸಾಲದು. ನಿಜವಾದ ತಂತಿಯ ಉಪಸ್ವರಗಳು ಕ್ಷಣಕ್ಷಣಕ್ಕೂ ಏಳುತ್ತ ಬೀಳುತ್ತ ಇರುತ್ತವೆ. ತಂಬೂರಿಯಲ್ಲಂತೂ ಆ ಚಲನೆಯೇ ಸೊಗಸು. ಒಂದೇ ಕಂಪನವನ್ನು ಸುತ್ತಿಸಿದರೆ ಚಲನೆ ನಿಂತು, ನಾದವು ಕರೆಗಂಟೆಯ ಗುಂಯ್‌ಗುಡುವಿಕೆಯಾಗುತ್ತದೆ. ಸುತ್ತು ಉದ್ದವಾದಷ್ಟೂ ಜೀವಂತವಾಗಿರುತ್ತದೆ. ಉದ್ದವಾದಷ್ಟೂ ಸ್ಥಳವನ್ನು ತಿನ್ನುತ್ತದೆ. ಇವೆರಡರ ನಡುವೆ ರಾಜಿಯಾಗಬೇಕು.

ಈ ರಾಜಿಯ ಫಲವನ್ನು ನಾವೆಲ್ಲ ಕಚೇರಿಗಳಲ್ಲಿ ಕೇಳಿದ್ದೇವೆ. ೧೯೭೯ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಆಗ ನಾದವನ್ನು ವಿದ್ಯುನ್ಮಂಡಲಗಳೇ ಹುಟ್ಟಿಸುತ್ತಿದ್ದವು. ಮುಂದೆ ಚಿಪ್ಪುಗಳ ಬೆಲೆ ಇಳಿದಂತೆ, ನಿಜವಾದ ತಂಬೂರಿಯ ಮೀಟನ್ನೇ ಅಂಕಿಗಳಾಗಿ ತುಂಬಿಕೊಂಡ ಪೆಟ್ಟಿಗೆಗಳು ಬಂದವು. ತಂಬೂರಿಗೆ ನಾಲ್ಕು ತಂತಿಗಳಿದ್ದರೂ ನಡುವಿನ ಎರಡರ ಶ್ರುತಿ ಒಂದೇ. ಆದ್ದರಿಂದ ಮೂರು ಮೀಟುಗಳನ್ನು ಒಂದೊಂದು ಸಲ ಸಂಗ್ರಹಿಸಿದರೆ ಇಡೀ ರಾತ್ರಿಯ ಶ್ರುತಿಗೆ ಸಾಲುತ್ತದೆ ಎಂಬುದು ವಿದಿತವಾಗುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಉಪಾಯಗಳು

ಸಂಗ್ರಹಿಸಿದ ಅಂಕಿಗಳನ್ನು ಬೇಗ ಬೇಗ ಓದಿದರೆ ಸ್ವರ ಏರುತ್ತದೆ. ನಿಧಾನವಾಗಿ ಓದಿದರೆ ಇಳಿಯುತ್ತದೆ. ಹಾರ್ಮೋನಿಯಮ್ಮಿನ ಒಂದು ಪಟ್ಟಿಯಿಂದ ಮುಂದಿನದಕ್ಕೆ ಏರಲು ವೇಗವನ್ನು ೧.೦೫೯ ಪಟ್ಟು ಮಾಡಬೇಕು; ಹನ್ನೆರಡು ಪಟ್ಟಿ ಏರಿದರೆ ಸರಿಯಾಗಿ ಎರಡು ಪಟ್ಟು. ಹೀಗೆ ಒಂದೇ ಮೀಟಿನಿಂದ ಎಲ್ಲ ಶ್ರುತಿಗಳನ್ನೂ ಪಡೆಯಬಹುದು. ಇದು ಮೂರನೆಯ ಉಪಾಯ. ಆದರೆ ಇಲ್ಲಿ ತಂತಿಯ ಸ್ವರದೊಡನೆ ಬುರುಡೆಯ ಅನುರಣನವೂ ಏರುತ್ತದೆ. ಕುಂಬಳದಷ್ಟಿದ್ದ ಬುರುಡೆ ನಿಂಬೆಹಣ್ಣಿನಷ್ಟಾದಂತೆ ಕಿವಿಗೆ ಭಾಸವಾಗುತ್ತದೆ. ಮನುಷ್ಯನ ಕಂಠವಾದರೆ ಮುದುಕ ಮಗುವಾಗುತ್ತಾನೆ. ಆದಕಾರಣ ಮೂರು ನಾಲ್ಕು ಪಟ್ಟಿಗಳಿಗೊಂದರಂತೆ ಬೇರೆ ಬೇರೆ ಮೀಟುಗಳನ್ನು ಸಂಗ್ರಹಿಸುವುದು ವಾಡಿಕೆ. ನಮ್ಮ ಮಿತ್ರರು ಅಜ್ಜನಿಂದ ಬಿರಡೆಯನ್ನು ತಿರುಗಿಸಿ ತಿರುಗಿಸಿ ಐದು ಶ್ರುತಿಗಳಲ್ಲಿ ಮೀಟಿಸಿದ್ದರು.

ನಾಲ್ಕನೆಯದು ಅಮೆರಿಕದ ತರುಣ ಸಂಗೀತಗಾರರು ಬಳಕೆಗೆ ತಂದ ಜಾಣ್ಮೆ. ಎರಡೂವರೆ ಸೆಕೆಂಡಿನ ಮಿತಿಯುಳ್ಳ ಯಂತ್ರಕ್ಕೆ ಗ್ರಾಮಾಫೋನ್ ತಟ್ಟೆಯಿಂದ ಧ್ವನಿ ತುಂಬುವಾಗ, ನಿಮಿಷಕ್ಕೆ ೩೩⅓ ಸುತ್ತು ತಿರುಗಬೇಕಾದ ತಟ್ಟೆಯನ್ನು ೪೫ ಸುತ್ತುಗಳ ವೇಗದಲ್ಲಿ ತಿರುಗಿಸಿ ತುಂಬುವುದು. ಬಳಿಕ ಯಂತ್ರದಲ್ಲಿ ಅಷ್ಟೇ ನಿಧಾನಗೊಳಿಸಿ ಓದುವುದು. ವೇಗ ೧.೩೫ ಪಟ್ಟಾದ್ದರಿಂದ ಎರಡೂವರೆ ಸೆಕೆಂಡಿನ ಸ್ಥಳದಲ್ಲಿ ಸುಮಾರು ೩.೪ ಸೆಕೆಂಡಿನ ಧ್ವನಿ ಅಡಗುತ್ತದೆ. ನಷ್ಟವೆಂದರೆ ಎತ್ತರದ ಕಂಪನಗಳು ಹೋಗಿ ನಾದ ಒರಟಾಗುವುದು. ವಿಚಿತ್ರವೆಂದರೆ, ಮುಂದೆ ಆ ಒರಟುತನವೇ ಜನರಿಗೆ ಪ್ರಿಯವಾಯಿತು.

ಉಗ್ರಾಣದಿಂದ ಹೊರಕ್ಕೆ

ಈ ಯಂತ್ರಗಳ ಸ್ಮೃತಿಕೋಶಕ್ಕೆ ಇನ್ನೊಂದು ಕೊರತೆಯಿತ್ತು. ವಿದ್ಯುತ್ತು ಹೋದೊಡನೆ ಎಲ್ಲವೂ ಅಳಿಸಿಹೋಗುತ್ತಿತ್ತು. ಆದ್ದರಿಂದ ನಾದವನ್ನು ಫ್ಲಾಪಿ ತಟ್ಟೆಗೆ ಬರೆದಿಟ್ಟುಕೊಂಡು, ಪ್ರತಿ ಕಾರ್ಯಕ್ರಮಕ್ಕೆ ಮುನ್ನ ಮರಳಿ ತುಂಬಿಕೊಳ್ಳಬೇಕಾಗಿತ್ತು. ತಟ್ಟೆಯ ಧಾರಣಶಕ್ತಿಯೂ ಒಂದೂವರೆ ಮೆಗಾಬೈಟಿನ ಆಸುಪಾಸು. ೨ ಮೆಗಾಬೈಟಿನ ಉಗ್ರಾಣಕ್ಕೆ ಎರಡು ತಟ್ಟೆಗಳು ಬೇಕಾದದ್ದು ಇದರಿಂದ.

ಇಂಥ ಯಂತ್ರದಿಂದ ನಾದವನ್ನು ಗಣಕಯಂತ್ರಕ್ಕೆ ಸಾಗಿಸಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಒಂದು, ಮಿಡಿ ಎಂಬ ತಂತಿ. ವಾದ್ಯಗಳು ಪರಸ್ಪರ ಸಂಜ್ಞೆ ಕಳಿಸಲು ಇರುವ ಈ ತಂತಿ ಸೆಕೆಂಡಿಗೆ ೩೧,೨೫೦ ಬಿಟ್ಟುಗಳನ್ನು ಮಾತ್ರ ಒಯ್ಯುತ್ತದೆ. ಆದಿ ಅಂತ್ಯದ ಗುರುತುಗಳೂ ಸೇರಿ ಬೈಟೊಂದಕ್ಕೆ ಹತ್ತು ಬಿಟ್ಟು ಹಿಡಿಯುವುದರಿಂದ ಸೆಕೆಂಡಿಗೆ ೩,೧೨೫ ಬೈಟು ಸಾಗುತ್ತವೆ. ಅದರಲ್ಲಿಯೂ ಬೈಟೊಂದರಲ್ಲಿ ೭ ಬಿಟ್ಟುಗಳಿಗೆ ಮಾತ್ರ ಅಂಕಿಯನ್ನು ಹೊರುವ ಅಧಿಕಾರ; ಹೀಗಾಗಿ ೧೬ ಬಿಟ್ಟಿನ ಒಂದೊಂದು ಅಂಕಿಗೂ ಮೂರು ಬೈಟು ಬೇಕು. ೨೪ ಸೆಕೆಂಡಿನ ನಾದದ ಹತ್ತೂವರೆ ಲಕ್ಷ ಅಂಕಿಗಳನ್ನು ಕಟ್ಟು ಕಟ್ಟಾಗಿ ಕಳಿಸಿ ಮುಗಿಸಲು ಸುಮಾರು ೧೮ ನಿಮಿಷ ಹಿಡಿಯುತ್ತದೆ. ಎರಡನೆಯದು ಸ್ಕಸಿ ಎಂಬ ದಪ್ಪನೆಯ ಕೇಬಲ್ಲು. ಇದು ಬಹಳ ವೇಗದ್ದು. ಆದರೆ ಎಲ್ಲ ಯಂತ್ರಗಳಲ್ಲಿಯೂ ಇರುವುದಿಲ್ಲ. ಮೂರನೆಯದು, ಯಂತ್ರವನ್ನು ನುಡಿಸಿ ಹೊರಬರುವ ಧ್ವನಿಯನ್ನೇ ಹೊಸದಾಗಿ ಮುದ್ರಿಸಿಕೊಳ್ಳುವುದು. ಸುಲಭವಾದರೂ, ಯಂತ್ರ ನುಡಿಸಿದಷ್ಟೇ ಸಿಕ್ಕುತ್ತದೆ. ಸುತ್ತಿನ ಆಚೆ ಏನಾದರೂ ಉಳಿದಿದ್ದರೆ ಅದು ಹೊರಗೆ ಬರುವುದಿಲ್ಲ. ಈ ಮೂರಕ್ಕೂ ಯಂತ್ರ ಸುಸ್ಥಿತಿಯಲ್ಲಿರಬೇಕು. ನಮ್ಮದು ತಟ್ಟೆಯನ್ನೇ ಓದುತ್ತಿರಲಿಲ್ಲ. ಹೀಗಾಗಿ ನಾಲ್ಕನೆಯ ದಾರಿಯೊಂದೇ ಉಳಿಯಿತು: ತಟ್ಟೆಯನ್ನು ಗಣಕಯಂತ್ರದಲ್ಲಿಯೇ ನೇರವಾಗಿ ಓದುವುದು.

ಇಲ್ಲಿ ಒಂದು ಅಪಾಯವಿದೆ, ವಾಚಕರು ಗಮನದಲ್ಲಿಡಬೇಕು. ತಟ್ಟೆ ಒಂದೇ ಬಗೆಯದಾದರೂ ಅದರ ಮೇಲೆ ಸಾಲು ಹಾಕುವ ಕ್ರಮ ಯಂತ್ರದಿಂದ ಯಂತ್ರಕ್ಕೆ ಬೇರೆ. ಗಣಕಯಂತ್ರವು ಪ್ರತಿಯೊಂದು ವೃತ್ತದಲ್ಲಿ ೫೧೨ ಬೈಟುಗಳ ೧೮ ಖಾನೆಗಳನ್ನು ನಿರೀಕ್ಷಿಸುತ್ತದೆ. ನಮ್ಮ ಯಂತ್ರ ೧,೦೨೪ ಬೈಟುಗಳ ೧೦ ಖಾನೆಗಳನ್ನು ಬರೆದಿತ್ತು. ಈ ಲಿಪಿಯನ್ನು ಅರಿಯದ ಗಣಕಯಂತ್ರ, ‘ತಟ್ಟೆ ಸಿದ್ಧವಾಗಿಲ್ಲ, ಸಿದ್ಧಪಡಿಸಲೆ?’ ಎಂದು ಕೇಳುತ್ತದೆ. ಅರಿಯದೆ ‘ಹೂಂ’ ಎಂದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ನಾವು ಮೊದಲು ಮಾಡಿದ ಕೆಲಸವೆಂದರೆ ತಟ್ಟೆಯ ಮೂಲೆಯ ಪುಟ್ಟ ಕೀಲನ್ನು ಸರಿಸಿ, ರಂಧ್ರ ತೆರೆದಿರುವಂತೆ ಮಾಡಿದ್ದು. ರಂಧ್ರ ತೆರೆದಿದ್ದರೆ ತಟ್ಟೆಯ ಮೇಲೆ ಯಾರೂ ಬರೆಯಲಾರರು.

ತಟ್ಟೆಯೊಳಗಿರುವುದು ಕಾಂತಲೇಪನವುಳ್ಳ ತೆಳುವಾದ ಪ್ಲಾಸ್ಟಿಕ್ ಹಾಳೆ. ನಿಮಿಷಕ್ಕೆ ೩೦೦ ಸುತ್ತು ತಿರುಗುವ ಈ ಹಾಳೆಯನ್ನು ಓದುವ ಮೊಳೆ ಮುಟ್ಟಿಕೊಂಡೇ ಇರುತ್ತದೆ. ಹಾಳೆಯ ಮೇಲೆ ಬೂಷ್ಟು ಬಂದಿದ್ದರೆ, ಮೊಳೆಗೆ ಕೊಳೆ ಅಂಟಿದ್ದರೆ, ಓದಿದಷ್ಟೂ ಲೇಪನ ಕಿತ್ತುಬರುತ್ತದೆ. ಹೀಗಾಗಿ ಮೊಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬೇರೊಂದು ನಿರುಪಯೋಗಿ ತಟ್ಟೆಯ ಮೇಲೆ ಪರೀಕ್ಷಿಸಿ, ಅನಂತರವೇ ಅಜ್ಜನ ತಟ್ಟೆಯನ್ನು ಒಳಗಿಟ್ಟೆವು. ಒಂದೊಂದು ಧ್ವನಿಯನ್ನು ಹುಡುಕುತ್ತ ಕೂರದೆ, ಇಡೀ ತಟ್ಟೆಯ ಯಥಾಪ್ರತಿಯನ್ನು ಮೊದಲು ತೆಗೆದುಕೊಂಡೆವು. ಹುಡುಕಾಟವೆಲ್ಲ ಪ್ರತಿಯ ಮೇಲೆ. ಮೂಲ ಮತ್ತೆ ತನ್ನ ಚೀಲಕ್ಕೆ.

ಎರಡನೆಯ ತಟ್ಟೆಯ ದಮ್ಮಡಿ, ತಾಳಗಳು ಪೂರ್ಣವಾಗಿ ಬಂದವು. ಏಕತಾರಿಯಿದ್ದ ಮೊದಲನೆಯ ತಟ್ಟೆಯಲ್ಲಿ ಎರಡು ಖಾನೆಗಳು ಎಷ್ಟು ಸಲ ಪ್ರಯತ್ನಿಸಿದರೂ ಓದಿಸಿಕೊಳ್ಳಲಿಲ್ಲ. ಖಾನೆಯೊಂದರಲ್ಲಿ ೫೧೨ ಅಂಕಿಗಳು, ಸೆಕೆಂಡಿನ ಸುಮಾರು ಎಂಬತ್ತಾರನೆಯ ಒಂದು ಭಾಗ. ಒಂದು ಖಾನೆ ೧೪೭ರ ಮೀಟಿನ ನಡುಭಾಗದಲ್ಲಿ ಬಿದ್ದಿತ್ತು, ಅಲ್ಲಿ ಎರಡು ಕಂಪನಗಳಿಗೂ ಕಡಿಮೆ ನಷ್ಟವಾದ್ದರಿಂದ ಅದರ ಹಿಂದಿನ ಕಂಪನಗಳನ್ನೇ ನಕಲು ಮಾಡಿ ತೇಪೆ ಹಾಕಿದೆವು, ಕಿವಿಗೆ ತಿಳಿಯುವುದಿಲ್ಲ. ಇನ್ನೊಂದು ಖಾನೆ ಮತ್ತೊಂದು ಮೀಟಿನ ಆರಂಭದಲ್ಲಿಯೇ, ಬೆರಳು ತಂತಿಯನ್ನು ಬಿಡುವ ಕ್ಷಣದಲ್ಲಿ ಬಿದ್ದಿತ್ತು. ಅಲ್ಲಿ ಹಿಂದಿನದೆಂಬುದೇ ಇಲ್ಲ. ನಕಲು ಮಾಡಲು ಏನೂ ಇಲ್ಲ. ಬೇರೆ ಶ್ರುತಿಯ ಮೀಟಿನಿಂದ ತಂದು ಅಂಟಿಸಬಹುದಾಗಿತ್ತು. ನಮ್ಮ ಮಿತ್ರರು ಒಪ್ಪಲಿಲ್ಲ. “ಇರ್ಲಿ ಬಿಡ್ರಿ ಸರ್, ಹೋಗಿದ್ದು ಹೋಯ್ತು ಅಂತ ಬರೆದಿಡ್ರಿ” ಎಂದರು. ಹಾಗೆಯೇ ಗುರುತು ಹಾಕಿಟ್ಟೆವು.

ಐದನೆಯ ಮೀಟನ್ನು ತೆರೆದಾಗ ಒಂದು ವಿಚಾರ ಕಂಡಿತು. ಉಳಿದ ನಾಲ್ಕನ್ನು ಸುತ್ತಿನ ಅಂತ್ಯಕ್ಕೆ, ೨.೨ ಸೆಕೆಂಡಿಗೆ, ಸರಿಯಾಗಿ ಕತ್ತರಿಸಿದ್ದರು. ಐದನೆಯದಕ್ಕೆ ಸುತ್ತಿನ ಗುರುತು ಹಾಕಿ, ಬಾಲವನ್ನು ಕತ್ತರಿಸಲು ಮರೆತಿದ್ದರು, ಅಂಕಿಗಳು ೩.೪ ಸೆಕೆಂಡಿನವರೆಗೆ ಮುಂದುವರಿದಿದ್ದವು. ಯಂತ್ರವು ಸುತ್ತಿನೊಳಗೇ ತಿರುಗುತ್ತಿದ್ದುದರಿಂದ ಈ ಭಾಗವನ್ನು ಒಮ್ಮೆಯೂ ನುಡಿಸಿರಲಿಲ್ಲ. ನಾವು ಪೂರ್ತಿ ಕೇಳಿದೆವು. ತಂತಿಯ ನಾದ ಇಳಿಯುತ್ತ ಬರುತ್ತದೆ, ಅದರ ಮೇಲೆ ಮುದುಕರ ದನಿಯೊಂದು, “ಸಾಕೇನೋ?” ಎನ್ನುತ್ತದೆ. ಅರ್ಧ ಸೆಕೆಂಡು, ಅಷ್ಟೆ. ಅಜ್ಜನ ಕಂಠದ ಬೇರೆ ಯಾವ ಮುದ್ರಿಕೆಯೂ ಆ ಮನೆಯಲ್ಲಿಲ್ಲ. ನಮ್ಮ ಮಿತ್ರರು ಅದನ್ನು ಮತ್ತೆರಡು ಸಲ ಕೇಳಿ, ಮನೆಯವರನ್ನು ಕರೆತರುತ್ತೇನೆಂದು ಎದ್ದುಹೋದರು.

ಅರ್ಧ ಸೆಕೆಂಡೆಂದರೆ ೪೪,೧೦೦ ಬೈಟು. ಎರಡು ಮೆಗಾಬೈಟಿನ ಉಗ್ರಾಣದಲ್ಲಿ ಅದು ದಂಡವೇ ಸರಿ. ಲೆಕ್ಕ ಬಲ್ಲವನು ಅಂದೇ ಅಳಿಸಿಬಿಡುತ್ತಿದ್ದ. ಅಳಿಸಿದ ಅಂಕಿಗಳನ್ನು ಯಾವ ವಿಜ್ಞಾನವೂ ಮರಳಿ ತರಲಾರದು. ಅಂದು ಸ್ಥಳವಿರಲಿಲ್ಲ, ಆರಿಸಲೇಬೇಕಾಗಿತ್ತು. ಆ ಆಯ್ಕೆಯನ್ನು ಚೆನ್ನಾಗಿ ಮಾಡಲು ನಾದದ ಗುಣವನ್ನು ಅರಿಯಬೇಕಾಗಿತ್ತು. ಇಂದು ಸ್ಥಳಕ್ಕೆ ಕೊರತೆಯಿಲ್ಲ. ಮನೆಯ ಹಿರಿಯರ ಹಾಡನ್ನೋ ವಾದ್ಯವನ್ನೋ ಮುದ್ರಿಸುವವರು ಮೊದಲ ಪ್ರತಿಯನ್ನು ಕತ್ತರಿಸದೆ, ಆಡಿದ ಮಾತು, ಕೆಮ್ಮು, ಬಾಗಿಲ ಸದ್ದು ಸಹಿತ ಹಾಗೆಯೇ ತೆಗೆದಿಟ್ಟು, ಕತ್ತರಿಸುವುದನ್ನೆಲ್ಲ ಎರಡನೆಯ ಪ್ರತಿಯ ಮೇಲೆ ಮಾಡಲಿ.

ಫ್ಲಾಪಿಯನ್ನು ಕೊನೆಯವರೆಗೂ ಮಾರುತ್ತಿದ್ದ ದೊಡ್ಡ ಸಂಸ್ಥೆಗಳಲ್ಲೊಂದಾದ ಸೋನಿಯು ೨೦೧೧ರಲ್ಲಿ ಜಪಾನಿನಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು. ಕಪಾಟುಗಳಲ್ಲಿ ಉಳಿದಿರುವ ತಟ್ಟೆಗಳು ಹಳೆಯವು. ಓದುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ವಾಚಕರ ಮನೆಯಲ್ಲಿಯೋ, ಊರಿನ ಭಜನಾ ಮಂಡಳಿಯ ಪೆಟ್ಟಿಗೆಯಲ್ಲಿಯೋ ಇಂಥ ತಟ್ಟೆಗಳಿದ್ದರೆ ಮೂಲೆಯ ರಂಧ್ರವನ್ನು ಇಂದೇ ತೆರೆದಿಡಲಿ. ಬಲ್ಲವರ ಬಳಿಗೆ ಈ ವರ್ಷವೇ ಒಯ್ಯಲಿ.